ಫಕೀರವ್ವನ ಪಾಟಿ ಹತ್ತೊಂಬತ್ತು ಶಾಲೆ ಸುತ್ತಿದ್ದು

ನಾನೊಂದು ಪೆನ್ ಡ್ರೈವ್. ಹೆಬ್ಬೆರಳಿನಷ್ಟು ಉದ್ದವಿದ್ದೇನೆ, ಮಾನ ಅಷ್ಟೂ ಉಳಿದಿಲ್ಲ. ತಮ್ಮ ಕಥೆ ಹೇಳಿಕೊಳ್ಳುವವರು ಮೊದಲು ತಾವು ಮಾಡಿದ ದೊಡ್ಡ ಕೆಲಸಗಳನ್ನು ಹೇಳುತ್ತಾರೆ. ನಾನು ಮಾಡಿದ ಕೆಲಸವೆಲ್ಲ ಹೊರುವುದು. ಏನನ್ನು ಹೊತ್ತೆ, ಎಲ್ಲಿಗೆ ಹೊತ್ತೆ ಎಂದು ಹೇಳುವಾಗ ತಲೆ ತಗ್ಗುತ್ತದೆ. ಆದರೂ ಹೇಳುತ್ತೇನೆ, ಸುಮ್ಮನಿದ್ದು ಸಾಕಾಗಿದೆ.

ಯಾವ ದೇಶದಲ್ಲಿ ಹುಟ್ಟಿದೆನೋ ಗೊತ್ತಿಲ್ಲ. ತಣ್ಣನೆಯ ಒಂದು ದೊಡ್ಡ ಕೋಣೆ, ಬಿಳಿ ಗವಸು ತೊಟ್ಟ ಕೈಗಳು, ನನ್ನ ಹಾಗೆಯೇ ಇದ್ದ ಸಾವಿರಾರು ಜನ, ಇಷ್ಟು ನೆನಪಿದೆ. ಹಡಗು, ಲಾರಿ, ರಟ್ಟಿನ ಪೆಟ್ಟಿಗೆಗಳನ್ನು ದಾಟಿ ಗದಗ ಸೀಮೆಯ ಒಂದು ತಾಲ್ಲೂಕಿಗೆ ಬಂದೆ. ಅಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಐದು ದಿನದ ತರಬೇತಿ ನಡೆದಿತ್ತು. ಕೊನೆಯ ದಿನ ಎಲ್ಲರಿಗೂ ಒಂದೊಂದು ಕೈಚೀಲ ಕೊಟ್ಟರು. ಚೀಲದಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್ನು, ಒಂದು ಬಿಸ್ಕೀಟಿನ ಪೊಟ್ಟಣ ಮತ್ತು ನಾನು. ಬಿಸ್ಕೀಟು ಬಸ್ಸು ಹತ್ತುವ ಮೊದಲೇ ಮುಗಿಯಿತು. ನನ್ನನ್ನು ಅನೇಕರು ಮನೆಯಲ್ಲಿ ಎಲ್ಲೋ ಇಟ್ಟು ಮರೆತರಂತೆ. ನಾನು ಸಿಕ್ಕಿದ್ದು ಮಹಾನಂದಾ ಹೂಗಾರ ಎಂಬ ಟೀಚರಿಗೆ. ಅವರು ಅಂದೇ ನನಗೆ ಒಂದು ಕೆಂಪು ದಾರ ಕಟ್ಟಿ, ಶಾಲೆಯ ಬೀಗದ ಕೈಗಳ ಜೊತೆ ಕೊರಳಿಗೆ ಹಾಕಿಕೊಂಡರು. ಅಷ್ಟು ಮರ್ಯಾದೆ ನನಗೆ ಮುಂದೆಂದೂ ಸಿಗಲಿಲ್ಲ.

ಟೀಚರ್ ಇದ್ದದ್ದು ಕೆಂಚನಾಳ ಎಂಬ ಊರಿನ ಸರಕಾರಿ ಶಾಲೆಯಲ್ಲಿ. ಮೂರನೇ ತರಗತಿ ಅವರದು. ಸಿಟ್ಟು ಸ್ವಲ್ಪ ಜಾಸ್ತಿ, ಕೆಲಸವೂ ಜಾಸ್ತಿ. ಆ ವರ್ಷ ತರಬೇತಿಯಲ್ಲಿ ಎಲ್ಲರಿಗೂ ಒಂದು ಕೆಲಸ ಹಚ್ಚಿದ್ದರು. ಅದರ ಹೆಸರು ಕ್ರಿಯಾ ಸಂಶೋಧನೆ. ತಮ್ಮದೇ ತರಗತಿಯ ಒಂದು ತೊಡಕನ್ನು ಆರಿಸಿಕೊಂಡು, ಅದಕ್ಕೆ ಕಾರಣ ಹುಡುಕಿ, ಪರಿಹಾರ ಮಾಡಿ ನೋಡಿ, ವರದಿ ಒಪ್ಪಿಸಬೇಕು. ಬಹಳ ಜನ ಹಳೆಯ ವರದಿಯೊಂದನ್ನು ತಂದು ಶಾಲೆಯ ಹೆಸರು ಬದಲಿಸಿ ಕೊಡುತ್ತಿದ್ದರು. ಅದಕ್ಕೆ ಶಿಕ್ಷಕರ ನಡುವೆ ‘ಊರು ಬದಲಿ’ ಎಂಬ ಹೆಸರೇ ಇತ್ತು. ಗಣಕದಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಅರವತ್ತು ಪುಟದಲ್ಲಿದ್ದ ಒಂದು ಊರು ಹೋಗಿ ಇನ್ನೊಂದು ಊರು ಬಂದು ಕೂರುತ್ತಿತ್ತು.

ಮಹಾನಂದಾ ಟೀಚರ್ ಹಾಗೆ ಮಾಡಲಿಲ್ಲ. ಅವರ ತರಗತಿಯಲ್ಲಿ ಕಳೆಯುವ ಲೆಕ್ಕ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ತಪ್ಪುತ್ತಿದ್ದವಳು ಫಕೀರವ್ವ. ಕಡ್ಡಿಯಂಥ ಹುಡುಗಿ, ಕೇಳಿದ್ದಕ್ಕೆ ಮಾತ್ರ ಮಾತಾಡುವವಳು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆ ಎಂದರೆ ಮೂವತ್ತೈದು ಬರೆಯುತ್ತಿದ್ದಳು. ಎಷ್ಟು ಸಲ ತಿದ್ದಿದರೂ ಅದೇ ಮೂವತ್ತೈದು. ಒಂದು ದಿನ ಟೀಚರಿಗೆ ತಡೆಯಲಾಗಲಿಲ್ಲ. ಅವಳ ಕೈಯಿಂದ ಪಾಟಿ ಕಸಿದು ಮೇಜಿಗೆ ಬಡಿದರು. ಕಟ್ಟಿಗೆಯ ಚೌಕಟ್ಟು ಉಳಿಯಿತು, ಕಪ್ಪು ಕಲ್ಲು ಮಾತ್ರ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸೀಳಿತು. ಫಕೀರವ್ವ ಅಳಲಿಲ್ಲ. ಅವಳನ್ನು ಬಾಗಿಲ ಬಳಿ ನಿಲ್ಲಿಸಿದರು. ಮುಂದಿನ ಎರಡು ತಿಂಗಳು ಲೆಕ್ಕದ ಅವಧಿಯಲ್ಲಿ ಅವಳ ಜಾಗ ಅದೇ ಆಯಿತು. ನಾನು ಟೀಚರ ಕೊರಳಲ್ಲಿ ತೂಗಾಡುತ್ತ ಎಲ್ಲವನ್ನೂ ನೋಡಿದೆ.

ಆ ದಿನಗಳಲ್ಲೇ ಸಂಶೋಧನೆಯೂ ಶುರುವಾಯಿತು. ದಿನವೂ ಮಕ್ಕಳು ಬಿಡಿಸಿದ ಲೆಕ್ಕದ ಪಾಟಿಗಳನ್ನು ಟೀಚರ್ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದರು. ಸೀಳಿದ ಪಾಟಿಯೂ ಅದರಲ್ಲಿ ಬರುತ್ತಿತ್ತು, ಫಕೀರವ್ವ ಬಾಗಿಲ ಬಳಿ ನಿಂತು ಅದರಲ್ಲೇ ಬರೆಯುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮುಖ್ಯಗುರುಗಳ ಕೋಣೆಯ ಗಣಕಕ್ಕೆ ನನ್ನನ್ನು ಚುಚ್ಚಿ ಕೂರುತ್ತಿದ್ದರು. ನನ್ನೊಳಗೆ ಮೂರು ಕಡತ ಮಾಡಿದರು. ಒಂದರಲ್ಲಿ ಪಾಟಿಗಳ ಚಿತ್ರ. ಇನ್ನೊಂದರಲ್ಲಿ ವರದಿ ಮತ್ತು ತಪ್ಪುಗಳ ಪಟ್ಟಿ. ಯಾವ ಮಗು, ಯಾವ ಲೆಕ್ಕ, ಬರೆದ ಉತ್ತರ, ತಪ್ಪು ಯಾವ ಬಗೆಯದು, ಎಲ್ಲ ಮನೆ ಹಾಕಿ ಬರೆದದ್ದು. ಒಂದೊಂದು ಬಗೆಗೆ ಒಂದೊಂದು ಬಣ್ಣ. ಮೂರನೆಯದರ ಹೆಸರು ‘ಅನಿಸಿಕೆ’. ಅದರಲ್ಲಿ ಅಂದಂದಿನ ತಾರೀಕು ಹಾಕಿ ತಮ್ಮ ಬಗ್ಗೆಯೇ ಬರೆದುಕೊಳ್ಳುತ್ತಿದ್ದರು. ನನಗೆ ಅದು ಎಲ್ಲಕ್ಕಿಂತ ಭಾರವೆನಿಸುತ್ತಿತ್ತು.

ಮುನ್ನೂರು ಸಾಲು ತುಂಬಿದ ದಿನ ಟೀಚರ್ ಪಟ್ಟಿಯನ್ನು ಮಕ್ಕಳ ಹೆಸರಿನ ಪ್ರಕಾರ ಜೋಡಿಸು ಎಂದು ಗಣಕಕ್ಕೆ ಹೇಳಿದರು. ಚೆಲ್ಲಾಪಿಲ್ಲಿ ಇದ್ದ ಸಾಲುಗಳು ಒಂದೊಂದು ಮಗುವಿನ ಹಿಂದೆ ಬಂದು ನಿಂತವು. ಉಳಿದ ಮಕ್ಕಳ ಸಾಲುಗಳಲ್ಲಿ ನಾಲ್ಕೈದು ಬಣ್ಣ. ಫಕೀರವ್ವನ ಮೂವತ್ತನಾಲ್ಕು ತಪ್ಪೂ ಒಂದೇ ಬಣ್ಣ, ಮೇಲಿಂದ ಕೆಳಗೆ ಬರೀ ಕೆಂಪು. ಟೀಚರ್ ಮುಂದಕ್ಕೆ ಬಾಗಿ ನೋಡಿದರು. ಎರಡರಲ್ಲಿ ಏಳು ಹೋಗದಿದ್ದಾಗ ಆ ಹುಡುಗಿ ಏಳರಲ್ಲಿ ಎರಡು ಕಳೆಯುತ್ತಿದ್ದಳು. ಒಂದು ಸಲವೂ ಬೇರೆ ಮಾಡಿಲ್ಲ. ಟೀಚರ್ ಎರಡನೇ ತರಗತಿಯಲ್ಲಿ ಇವೇ ಮಕ್ಕಳಿಗೆ ಒಂದು ಮಾತು ಕಲಿಸಿದ್ದರು. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು, ಯಾವಾಗಲೂ. ಉಳಿದವರು ಅದನ್ನು ಅರ್ಧ ಮರೆತಿದ್ದರು. ಫಕೀರವ್ವ ಒಬ್ಬಳು ಚಾಚೂ ತಪ್ಪದೆ ಪಾಲಿಸಿದ್ದಳು.

ಅಂದು ಅನಿಸಿಕೆಯಲ್ಲಿ ಟೀಚರ್ ಬರೆದದ್ದು ಇಷ್ಟು: ‘ಫಕೀರವ್ವ ತಪ್ಪು ಮಾಡಿಲ್ಲ. ನಾನು ಹೇಳಿದ್ದನ್ನು ಮಾಡಿದ್ದಾಳೆ. ಅದಕ್ಕೆ ಅವಳ ಪಾಟಿ ಒಡೆದು, ಎರಡು ತಿಂಗಳು ಬಾಗಿಲಲ್ಲಿ ನಿಲ್ಲಿಸಿದೆ. ನಾಳೆ ಅವಳಿಗೆ ಹೇಳಬೇಕು.’

ಮರುದಿನ ಫಕೀರವ್ವನನ್ನು ಒಳಗೆ ಕೂರಿಸಿದರು. ಕಡ್ಡಿಯ ಕಟ್ಟು ಬಿಚ್ಚಿ, ಹತ್ತನ್ನು ಒಡೆದು ಬಿಡಿ ಮಾಡುವುದನ್ನು ಹೊಸದಾಗಿ ಕಲಿಸಿದರು. ಎರಡು ವಾರದಲ್ಲಿ ಹುಡುಗಿ ಇಪ್ಪತ್ತೈದು ಎಂದು ಬರೆದಳು. ಟೀಚರ್ ಪೇಟೆಯಿಂದ ಹೊಸ ಪಾಟಿ ತಂದು ಅವಳ ಜಾಗದಲ್ಲಿಟ್ಟು, ಹಳೆಯದನ್ನು ಕಪಾಟಿಗೆ ಸೇರಿಸಿದರು. ಆದರೆ ಹೇಳಬೇಕಾದ ಮಾತನ್ನು ಹೇಳಲಿಲ್ಲ. ಸಂಜೆ ಬಂದು ನನ್ನಲ್ಲಿ ಬರೆದರು, ‘ಇಂದು ಆಗಲಿಲ್ಲ. ನಾಳೆ ಹೇಳಬೇಕು.’ ಹೀಗೆ ಹನ್ನೊಂದು ನಾಳೆಗಳು ನನ್ನೊಳಗೆ ಸೇರಿದವು. ಬರೆದ ಮೇಲೆ ಅವರ ಮುಖ ಹಗುರಾಗುತ್ತಿತ್ತು, ನನ್ನನ್ನು ಕಿತ್ತು ಕೊರಳಿಗೆ ಹಾಕಿಕೊಂಡು ಮನೆಗೆ ನಡೆಯುತ್ತಿದ್ದರು. ಆಗ ನನಗೆ ಹೆಮ್ಮೆಯಾಗುತ್ತಿತ್ತು. ಇಷ್ಟು ದೊಡ್ಡ ಗುಟ್ಟು ನನಗೊಬ್ಬನಿಗೇ ಗೊತ್ತು ಎಂದು ಬೀಗುತ್ತಿದ್ದೆ. ಆ ಮಾತು ಸೇರಬೇಕಾದ ಕಿವಿ ಬೇರೆ ಇದೆ ಎಂದು ನನಗೆ ಹೊಳೆಯಲೇ ಇಲ್ಲ.

ವರದಿ ಎಲ್ಲ ಮುಗಿದಿತ್ತು, ಕೊನೆಯ ಪುಟ ಒಂದು ಬಿಟ್ಟು. ಆ ಪುಟದಲ್ಲಿ ಮಗುವಿಗೆ ತಿಳಿಸಿದೆ ಎಂದು ಬರೆಯಬೇಕೆಂಬುದು ಟೀಚರ ಹಟ. ತಿಳಿಸದೆ ಬರೆಯಲಾರರು, ಹೀಗಾಗಿ ವರದಿ ಒಪ್ಪಿಸುವುದು ದಿನ ದಿನ ತಳ್ಳಿಹೋಯಿತು.

ಅಷ್ಟರಲ್ಲಿ ಸುತ್ತಲಿನ ಶಾಲೆಗಳ ತಿಂಗಳ ಸಭೆ ಕೆಂಚನಾಳದಲ್ಲಿ ನಡೆಯಿತು. ಪಕ್ಕದ ಹಾಲಗುಂದಿಯ ಸೋಮನಗೌಡ ಸರ್ ಬಂದಿದ್ದರು. ಮಕ್ಕಳ ಜೊತೆ ಕಬಡ್ಡಿ ಆಡುವ ಒಳ್ಳೆಯ ಮನುಷ್ಯ, ಬರೆಯುವ ಕೆಲಸ ಎಂದರೆ ಮಾತ್ರ ಜ್ವರ ಬಂದವರಂತಾಗುತ್ತಿದ್ದರು.

“ಟೀಚರ, ನಿಮ್ಮ ವರದಿ ಒಂದೀಟು ಕೊಡ್ರೆಲ್ಲ. ನಮೂನಿ ಹೆಂಗೈತಿ ನೋಡಿ ನಾಡದ ಕೊಟ್ಟಬಿಡ್ತೀನಿ” ಎಂದರು.

“ಇನ್ನಾ ಮುಗದಿಲ್ರಿ ಸರ.”

“ಮುಗೀದಿದ್ರ ಏನಾತ್ರಿ. ಮುಗಿಸೋದು ನನಗೂ ಬರೂದಿಲ್ಲ.”

ಎಲ್ಲರೂ ನಕ್ಕರು. ಟೀಚರ್ ನಗುತ್ತಲೇ ಕೊರಳಿನ ದಾರ ತೆಗೆದು ಕೊಟ್ಟರು. ‘ಅನಿಸಿಕೆ’ ಒಂದನ್ನು ತೆರೆಯಬೇಡಿ ಎಂದು ಹೇಳಿದರು. ಸೋಮನಗೌಡ ಸರ್ ಅದನ್ನು ತೆರೆಯಲಿಲ್ಲ, ಆ ಮಾತು ಉಳಿಸಿಕೊಂಡರು. ಉಳಿದದ್ದರ ಕಥೆ ಬೇರೆ.

ಅವರು ನನ್ನನ್ನು ತಾಲ್ಲೂಕಿನ ಬಸ್ ನಿಲ್ದಾಣದ ಎದುರಿನ ಒಂದು ಕಂಪ್ಯೂಟರ್ ಸೆಂಟರಿಗೆ ಒಯ್ದರು. ಅಲ್ಲಿನ ಗಣಕಕ್ಕೆ ದಿನಕ್ಕೆ ಐವತ್ತು ಪೆನ್ ಡ್ರೈವ್ ಚುಚ್ಚುತ್ತಿದ್ದರು. ಮದುವೆ ಪತ್ರ, ಜಾತಿ ಪ್ರಮಾಣಪತ್ರದ ಅರ್ಜಿ, ಪರೀಕ್ಷೆಯ ಫಲಿತಾಂಶ, ಎಲ್ಲ ಅದರಲ್ಲೇ. ಬೆರಳಚ್ಚು ಮಾಡುವ ಹೆಂಗಸು “ಯಾವ ಊರು ಹಾಕ್ಲಿರಿ ಸರ?” ಎಂದು ತಲೆಯೆತ್ತದೆ ಕೇಳಿದಳು. ಕೆಂಚನಾಳ ಹೋಯಿತು, ಹಾಲಗುಂದಿ ಬಂತು. ಫಕೀರವ್ವ ಹೋಗಿ ಸವಿತಾ ಆದಳು. ಖಾಲಿಯಿದ್ದ ಕೊನೆಯ ಪುಟಕ್ಕೆ ಹಳೆಯ ವರದಿಯೊಂದರ ಉಪಸಂಹಾರ ಅಂಟಿತು. ಪಾಟಿಯ ಚಿತ್ರದೊಳಗೆ ಬದಲಿಸಲು ಏನೂ ಇರಲಿಲ್ಲ, ಅದು ಹಾಗೇ ಉಳಿಯಿತು. ಅಲ್ಲಿ ಸರದಿಯಲ್ಲಿ ನಿಂತಿದ್ದ ಇನ್ನೊಬ್ಬ ಮಾಸ್ತರರು ತಮಗೂ ಒಂದು ಪ್ರತಿ ಇರಲಿ ಎಂದರು. ಅವರಿಂದ ಮತ್ತೊಬ್ಬರು. ನಾನು ಯಾರಿಗೂ ಇಲ್ಲ ಎನ್ನಲಿಲ್ಲ, ಇಲ್ಲ ಎನ್ನುವ ಬಾಯಿ ನನಗಿಲ್ಲ. ಕೊಟ್ಟಷ್ಟೂ ನನ್ನಲ್ಲಿ ಏನೂ ಕಡಿಮೆಯಾಗುವುದಿಲ್ಲ ಎಂಬುದೇ ನನ್ನ ದೊಡ್ಡ ದೋಷ. ಕಡಿಮೆಯಾಗಿದ್ದರೆ ಯಾರಾದರೂ ಲೆಕ್ಕ ಇಡುತ್ತಿದ್ದರು.

ಬರುವಾಗ ಬರಿಗೈಲಿ ಬರಲಿಲ್ಲ. ಆ ಗಣಕದಲ್ಲಿದ್ದ ವೈರಸ್ಸನ್ನು ಹೊಟ್ಟೆಗೆ ಹಾಕಿಕೊಂಡು ಬಂದೆ. ಟೀಚರ್ ನನ್ನನ್ನು ಪುನಃ ಕೊರಳಿಗೆ ಹಾಕಿಕೊಳ್ಳದೆ ಕಪಾಟಿನ ಮೊಳೆಗೆ ತೂಗುಹಾಕಿದರು. ವರದಿಯ ಇನ್ನೊಂದು ಪ್ರತಿ ಶಾಲೆಯ ಗಣಕದಲ್ಲಿತ್ತು, ನನ್ನ ಅಗತ್ಯ ಬೀಳಲಿಲ್ಲ. ಅನಿಸಿಕೆಯ ದಿನಚರಿ ಇದ್ದದ್ದು ನನ್ನಲ್ಲಿ ಮಾತ್ರ. ಅದನ್ನು ತೆರೆಯಲು ಅವರಿಗೆ ಅಂಜಿಕೆಯಾಗಿತ್ತು, ತೆರೆದರೆ ಹನ್ನೊಂದು ನಾಳೆಗಳು ಕಾಣುತ್ತಿದ್ದವು. ಕಡೆಗೆ ಗಡುವು ದಾಟಿ ಒಂದು ವಾರವಾದ ಮೇಲೆ, ಆ ಕೊನೆಯ ಪುಟವನ್ನೇ ಕೈಬಿಟ್ಟು ವರದಿ ಒಪ್ಪಿಸಿದರು.

ಜಿಲ್ಲೆಯ ತರಬೇತಿ ಸಂಸ್ಥೆಯಲ್ಲಿ ಆ ವರದಿಗಳನ್ನು ಓದುತ್ತಿದ್ದವರು ಮುಲ್ಲಾ ಸರ್ ಎಂಬ ಉಪನ್ಯಾಸಕರು. ಹಿಂದಿನವರು ಹೊದಿಕೆ ನೋಡಿ ಸಹಿ ಹಾಕುತ್ತಿದ್ದರಂತೆ. ಇವರು ಒಳಗಿನದನ್ನೂ ಓದಿಬಿಟ್ಟರು. ಹತ್ತೊಂಬತ್ತು ವರದಿಗಳ ಶಿಕ್ಷಕರಿಗೆ ಒಂದೇ ದಿನ ಕರೆ ಬಂತು. ನಕಲು ಎಂದು ಸಾಬೀತಾದವರ ಹೆಸರು ಇಲಾಖೆಗೆ ಹೋಗುತ್ತದೆ ಎಂದೂ ಪತ್ರದಲ್ಲಿತ್ತು. ಟೀಚರ್ ನನ್ನನ್ನು ಮೊಳೆಯಿಂದ ತೆಗೆದು, ಸೆರಗಿನಲ್ಲಿ ಧೂಳು ಒರೆಸಿ, ಜೊತೆಗೆ ಕರೆದೊಯ್ದರು.

ಸಭಾಂಗಣದ ಗೋಡೆಯ ಮೇಲೆ ಒಂದು ಪಾಟಿ ಕಾಣಿಸಿತು, ಬಾಗಿಲಿನಷ್ಟು ದೊಡ್ಡದು. ಮೂಲೆಯಿಂದ ಮೂಲೆಗೆ ಸೀಳು, ಅದರ ಮೇಲೆ ಬಳಪದಲ್ಲಿ ಮೂವತ್ತೈದು.

“ಹತ್ತೊಂಬತ್ತ ಸಾಲಿ, ಪಾಟಿ ಮಾತ್ರ ಒಂದ” ಎಂದರು ಮುಲ್ಲಾ ಸರ್, ದನಿ ಏರಿಸದೆ. “ಇದು ಯಾರದು, ಹೇಳ್ರಿ.”

ಮಹಾನಂದಾ ಟೀಚರ್ ಎದ್ದರು.

“ನಂದ್ರಿ ಸರ. ಕೆಂಚನಾಳ ಸಾಲೀದು.”

“ನಿಮ್ಮ ವರದಿ ಎಲ್ಲಾರದಕಿಂತ ಕಡೀಕ ಬಂದೈತ್ರಿ ಟೀಚರ. ನಾ ಹೆಂಗ ನಂಬ್ಲಿ?”

“ದಿನಾ ತಾರೀಕ ಹಚ್ಚಿ ಬರದದ್ದು ಇದರಾಗ ಐತ್ರಿ. ನೀವೊಬ್ರ ಓದ್ರಿ, ಸಾಕು.” ಅವರು ನನ್ನನ್ನು ಮೇಜಿನ ಮೇಲಿಟ್ಟರು.

ಈಗ ನನ್ನ ಸರದಿ. ನನ್ನನ್ನು ಚುಚ್ಚಿದರು. ಗೋಡೆಯ ಮೇಲೆ ಮೊದಲು ಕೆಂಪು ಎಚ್ಚರಿಕೆ ಬಂತು. ಆಮೇಲೆ ಮೂರು ಕಡತಗಳೂ ಬಾಲ ಬಾಗಿದ ಬಾಣದ ಗುರುತು ಹೊತ್ತು ನಿಂತವು. ಒತ್ತಿದರೆ ಒಂದೂ ತೆರೆಯಲಿಲ್ಲ. ಅದೆಲ್ಲ ನನ್ನೊಳಗೇ ಇತ್ತು, ಪ್ರತಿ ತಾರೀಕು, ಪ್ರತಿ ಅಕ್ಷರ. ವೈರಸ್ಸು ಅದನ್ನು ಮುಚ್ಚಿ ಮೇಲೆ ಕೂತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುಲ್ಲಾ ಸರ್ ನನ್ನನ್ನು ಕಿತ್ತು ದೂರ ಸರಿಸಿದರು. ಒಬ್ಬರೇ ಓದಿ ಮುಗಿಸಬಹುದಾಗಿದ್ದ ಗುಟ್ಟು ನನ್ನಿಂದಾಗಿ ಇನ್ನು ಎಲ್ಲರ ಎದುರಿಗೆ ಬರಬೇಕಾಯಿತು. ಅಂದಿನ ನಾಚಿಕೆ ಇವತ್ತಿಗೂ ಹೋಗಿಲ್ಲ.

“ಹೋಗ್ಲಿ ಬಿಡ್ರಿ” ಎಂದರು ಮುಲ್ಲಾ ಸರ್. “ಈ ಪಾಟಿ ಹೆಂಗ ಸೀಳಿತು, ಅಷ್ಟ ಹೇಳ್ರಿ. ಸಂಶೋಧನಾ ಮಾಡಿದವ್ರಿಗೆ ಗೊತ್ತಿರತೈತಿ.”

ಒಬ್ಬರು, ಮಗುವಿನ ಕೈ ಜಾರಿ ಬಿತ್ತು ಎಂದರು. ಇನ್ನೊಬ್ಬರು, ಬರುವಾಗಲೇ ಒಡೆದಿತ್ತು ಎಂದರು. ಸೋಮನಗೌಡ ಸರ್ ನೆಲ ನೋಡುತ್ತಿದ್ದರು.

“ನಾನ ಒಡದೇನ್ರಿ” ಎಂದರು ನಿಂತೇ ಇದ್ದ ಮಹಾನಂದಾ ಟೀಚರ್. “ಸಿಟ್ಟಿಗೆದ್ದು ಆ ಹುಡುಗಿ ಕೈಯಾಗಿಂದ ಕಸಗೊಂಡು ಮೇಜಿಗೆ ಬಡದೆ. ಆಕೀದು ತಪ್ಪಿದ್ದಿಲ್ಲ. ನಾ ಕಲಿಸಿದ್ದನ್ನ ಮಾಡಿದ್ಲು.”

ಸೋಮನಗೌಡ ಸರ್ ಆಗ ಎದ್ದು ನಿಂತರು. “ಖರೇ ಐತ್ರಿ ಸರ. ಟೀಚರದ ಅದು. ನಾನ ಒಯ್ದಿದ್ದೆ, ನನ್ನಿಂದ ಎಲ್ಲಾ ಕಡೆ ಹೋತು.”

ಹದಿನೆಂಟು ಜನ ವರದಿ ಹೊಸದಾಗಿ ಬರೆಯಬೇಕೆಂದು ತೀರ್ಮಾನವಾಯಿತು. ಮುಲ್ಲಾ ಸರ್ ನನ್ನೊಳಗಿನ ವೈರಸ್ಸನ್ನು ತೆಗೆಸಿ, ಅಡಗಿದ್ದ ಕಡತಗಳನ್ನು ಹೊರತಂದು, ಟೀಚರ ಒಪ್ಪಿಗೆ ಪಡೆದು ದಿನಚರಿ ಓದಿದರು. ಓದಿ ಕನ್ನಡಕ ತೆಗೆದು ಕೂತರು. ಮುಂದಿನ ಸಭೆಯಲ್ಲಿ ಟೀಚರಿಗೆ ಶಾಲು ಹೊದಿಸಿ, ತಪ್ಪನ್ನು ಒಪ್ಪಿಕೊಳ್ಳುವ ದೊಡ್ಡ ಮನಸ್ಸು ಎಂದು ಹೊಗಳಿದರು. ಚಪ್ಪಾಳೆ ಬಿತ್ತು. ಮುಂದಿನ ವರ್ಷದಿಂದ ಎಲ್ಲರೂ ವರದಿಯ ಜೊತೆ ಅನಿಸಿಕೆಯ ದಿನಚರಿಯನ್ನೂ ಕೊಡಬೇಕು, ಮಾದರಿಗೆ ಹೂಗಾರ ಟೀಚರ ದಿನಚರಿ ಇರಲಿ ಎಂದಾಯಿತು. ಟೀಚರ್ ಬೇಡವೆನ್ನಲಿಲ್ಲ. ಮಾದರಿಯನ್ನು ಹಂಚಿದ್ದು ಮತ್ತೆ ನಾನೇ. ಇಷ್ಟೆಲ್ಲ ಆದರೂ ಫಕೀರವ್ವನಿಗೆ ಯಾರೂ ಏನೂ ಹೇಳಿರಲಿಲ್ಲ. ನಾಲ್ಕನೇ ತರಗತಿಯಲ್ಲಿ ಅವಳು ತನ್ನಷ್ಟಕ್ಕೆ ಬಾಗಿಲ ಬಳಿಯ ಜಾಗದಲ್ಲೇ ಕೂರುತ್ತಿದ್ದಳು. ಟೀಚರ್ ಆ ಕಡೆ ಹೋಗುವಾಗ ಬೇರೆತ್ತಲೋ ನೋಡುತ್ತಿದ್ದರು. ಪುನಃ ಅವರ ಕೊರಳಿಗೇರಿದ್ದ ನನಗೆ ಅದು ಗೊತ್ತಾಗುತ್ತಿತ್ತು.

ಮರುವರ್ಷದ ವರದಿಗಳನ್ನು ಓದಲು ಮುಲ್ಲಾ ಸರ್ ಟೀಚರ ನೆರವು ಕೇಳಿದರು. ವರದಿಗಳನ್ನೆಲ್ಲ ನನ್ನೊಳಗೆ ತುಂಬಿ ಕಳಿಸಿದರು. ಒಂದು ಮಧ್ಯಾಹ್ನ, ಮಕ್ಕಳು ಊಟಕ್ಕೆ ಕೂತಿದ್ದಾಗ, ಟೀಚರ್ ಓದಲು ಶುರುಮಾಡಿದರು. ಮೊದಲನೆಯದರಲ್ಲಿ ಒಬ್ಬ ಶಿಕ್ಷಕ ಗಂಗಮ್ಮ ಎಂಬ ಹುಡುಗಿಯ ಪಾಟಿ ಒಡೆದಿದ್ದ. ಎರಡನೆಯದರಲ್ಲಿ ಒಬ್ಬ ಶಿಕ್ಷಕಿ ರಿಯಾಜನ ಪಾಟಿ ಒಡೆದಿದ್ದಳು. ಟೀಚರ್ ಬೇಗ ಬೇಗ ಕೆಳಗಿಳಿಸುತ್ತ ಹೋದರು. ಒಟ್ಟು ಇಪ್ಪತ್ತಮೂರು ಶಿಕ್ಷಕರು ಪಾಟಿ ಒಡೆದಿದ್ದರು. ಎಲ್ಲರೂ ಎರಡು ತಿಂಗಳು ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ, ಎಲ್ಲರೂ ಪಶ್ಚಾತ್ತಾಪಪಟ್ಟಿದ್ದರು. ‘ನಾಳೆ ಹೇಳಬೇಕು’ ಎಂಬ ಮಾತೂ ಇಪ್ಪತ್ತಮೂರು ಕಡೆ ಇತ್ತು.

ಟೀಚರಿಗೆ ಮೊದಲು ನಗು ಬಂತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಒಂದು ವರದಿಯಲ್ಲಿ ಯಾರೋ ಪುಣ್ಯಾತ್ಮರು ತಮ್ಮದೊಂದು ಸಾಲು ಸೇರಿಸಿದ್ದರು: ‘ಮರುದಿನವೇ ಮಗುವನ್ನು ಕರೆದು ತಪ್ಪು ನನ್ನದು ಎಂದು ಹೇಳಿದೆ. ಮಗು ನಕ್ಕಿತು.’ ಟೀಚರ್ ಆ ಸಾಲನ್ನು ನೋಡುತ್ತ ಕೂತುಬಿಟ್ಟರು. ಪಾಟಿಯನ್ನೇ ಒಡೆಯದವರು ಮಗುವಿಗೆ ಹೇಳಿ ಮುಗಿಸಿದ್ದರು. ಒಡೆದವರು ಇನ್ನೂ ಹೇಳಿರಲಿಲ್ಲ.

ಅವರು ನನ್ನನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದು ಎದ್ದರು. ಕಪಾಟಿನಿಂದ ಸೀಳಿದ ಪಾಟಿ ತೆಗೆದರು. ಫಕೀರವ್ವ ಈಗ ಐದನೇ ತರಗತಿ, ನಲ್ಲಿಯ ಬಳಿ ತಟ್ಟೆ ತೊಳೆಯುತ್ತಿದ್ದಳು. ಟೀಚರ್ ಅವಳನ್ನು ಹುಣಸೆ ಮರದ ಕೆಳಗೆ ಕರೆದರು. ಅವರ ಅಂಗೈ ಬೆವರಿ ನನ್ನ ಮೈಯೆಲ್ಲ ಒದ್ದೆಯಾಗಿತ್ತು.

“ಈ ಪಾಟಿ ನೆನಪೈತೇನವಾ?”

“ಐತ್ರಿ.”

“ಅವತ್ತ ತಪ್ಪು ನಂದಿತ್ತು. ದೊಡ್ಡದರಾಗ ಸಣ್ಣದು ಕಳಿ ಅಂತ ನಾನ ಹೇಳಿದ್ದೆ. ನೀ ಹಂಗ ಮಾಡಿದ್ದಿ. ನಿನ್ನ ಪಾಟಿ ಒಡದದ್ದು, ಬಾಗಿಲದಾಗ ನಿಂದರಿಸಿದ್ದು, ಎಲ್ಲಾ ನನ್ನ ತಪ್ಪು. ಭಾಳ ದಿನದಿಂದ ಹೇಳಬೇಕಂತ ಇದ್ದೆ. ಹೇಳಾಕ ಧೈರ್ಯ ಆಗಲಿಲ್ಲ.”

ಫಕೀರವ್ವ ನಗಲಿಲ್ಲ. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿ, ಪಾಟಿಯ ಸೀಳಿನ ಮೇಲೆ ಬೆರಳು ಆಡಿಸಿದಳು.

“ಇದು ನಮ್ಮ ಅಣ್ಣನ ಪಾಟಿ ಇತ್ರಿ” ಎಂದಳು. “ನಾನ ಬಿದ್ದು ಒಡದೆ ಅಂತ ಮನ್ಯಾಗ ಹೇಳೇನ್ರಿ.”

“ನಾ ಒಡದೆ ಅಂತ ಯಾಕ ಹೇಳಲಿಲ್ಲವಾ?”

“ನೀವು ಒಡದ್ರಿ ಅಂದಿದ್ರ, ನೀ ಏನ ತಪ್ಪು ಮಾಡಿದಿ ಅಂತ ಅವ್ವ ಕೇಳ್ತಿದ್ಲು.” ಹುಡುಗಿ ಪಾಟಿಯನ್ನು ತನ್ನ ಕೈಗೆ ತೆಗೆದುಕೊಂಡಳು. “ಅದು ನನಗ ಗೊತ್ತಿದ್ದಿಲ್ರಿ.”

ಟೀಚರ್ ಅಲ್ಲೇ ಮರದ ಕಟ್ಟೆಯ ಮೇಲೆ ಕೂತರು. ಮುಖ ಮುಚ್ಚಿಕೊಳ್ಳಲು ಸೆರಗು ಹಿಡಿದರು, ಆಮೇಲೆ ಬಿಟ್ಟರು, ಮುಚ್ಚಿಕೊಳ್ಳದೆಯೇ ಅತ್ತರು. ಫಕೀರವ್ವ ಏನು ಮಾಡಬೇಕೆಂದು ತಿಳಿಯದೆ ಪಾಟಿ ಹಿಡಿದು ಪಕ್ಕದಲ್ಲಿ ನಿಂತಳು. ಗಂಟೆ ಹೊಡೆದ ಮೇಲೆ ಇಬ್ಬರೂ ಒಳಗೆ ಹೋದರು. ಅಂದು ಹುಡುಗಿ ಕಿಟಕಿಯ ಬಳಿ ಜಾಗ ಮಾಡಿಕೊಂಡು ಕೂತಳು ಎಂದು ಟೀಚರ್ ಮುಖ್ಯಗುರುಗಳಿಗೆ ಹೇಳುತ್ತಿದ್ದದ್ದು ಕೇಳಿದೆ.

ಇದೆಲ್ಲ ಆಗಿ ಬಹಳ ವರ್ಷವಾಯಿತು. ಈಗ ಎಲ್ಲವೂ ಮೊಬೈಲಿನಲ್ಲೇ ಹೋಗಿಬರುತ್ತದೆ, ನನ್ನನ್ನು ಯಾರೂ ಕೇಳುವುದಿಲ್ಲ. ನನ್ನ ತುದಿ ತುಕ್ಕು ಹಿಡಿದಿದೆ, ಕೆಂಪು ದಾರ ಬಿಳಿಚಿದೆ. ಕೆಂಚನಾಳದ ಕಪಾಟಿನಲ್ಲಿ ಬಳಪದ ಡಬ್ಬಿಯೊಳಗೆ ಮಲಗಿದ್ದೇನೆ. ಪಾಟಿ ಇಲ್ಲಿಲ್ಲ, ಫಕೀರವ್ವ ಅದನ್ನು ಅಂದೇ ಮನೆಗೆ ಒಯ್ದಳು. ಅವ್ವನಿಗೆ ತೋರಿಸಬೇಕು ಎಂದಳಂತೆ.

ಆ ಸಂಜೆ ಟೀಚರ್ ಗಣಕದ ಮುಂದೆ ಕೂರಲಿಲ್ಲ. ನನ್ನಲ್ಲಿರುವ ದಿನಚರಿ ಇವತ್ತಿಗೂ ‘ನಾಳೆ ಹೇಳಬೇಕು’ ಎಂಬಲ್ಲಿಗೇ ನಿಂತಿದೆ. ಹುಣಸೆ ಮರದ ಕೆಳಗೆ ಆಡಿದ ಮಾತನ್ನು ಅವರು ಎಲ್ಲೂ ಬರೆದಿಡಲಿಲ್ಲ. ಅದಕ್ಕೇ ಅದೊಂದು ಮಾತ್ರ ಇನ್ನೊಂದು ಶಾಲೆಯ ಹೆಸರು ಹೊತ್ತು ಎಲ್ಲಿಗೂ ಹೋಗಲಿಲ್ಲ.